ಸ್ಟೀಮ್ ಬಾಕ್ಸಿಗೆ ಕರೆಂಟ್ ಬಾಯ್ಲರ್: ಮಳೆಗಾಲ, ಅಡಿಕೆ ಸುಗ್ಗಿ ಎರಡೂ ಕಳೆದ ಮೇಲೆ

ಸ್ವೇದನದ ಪೆಟ್ಟಿಗೆಗೆ ಹಬೆ ಕೊಡುವ 3 ಕಿಲೋವ್ಯಾಟಿನ ಸ್ಟೀಲ್ ಬಾಯ್ಲರ್ ಬಗ್ಗೆ ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಹತ್ತಿರದ ಒಂದು ಸಣ್ಣ ಆಯುರ್ವೇದ ಚಿಕಿತ್ಸಾಲಯದಲ್ಲಿ ಪಂಚಕರ್ಮದ ಕೊಠಡಿ ನೋಡಿಕೊಳ್ಳುವವಳು ನಾನು. ಡಾಕ್ಟರ್ ಚೀಟಿ ಬರೆಯುತ್ತಾರೆ, ಎಣ್ಣೆ ತಿಕ್ಕಿ ಪೆಟ್ಟಿಗೆಯಲ್ಲಿ ಕೂರಿಸಿ ಹಬೆ ಕೊಡುವುದು ನಮ್ಮ ಕೆಲಸ. ಬಾಯ್ಲರ್ ಬಂದಿದ್ದು ಬೇಸಿಗೆಯ ಕೊನೆಯಲ್ಲಿ. ಆಮೇಲೆ ಪೂರ್ತಿ ಮಳೆಗಾಲ, ಅದರ ಬೆನ್ನಿಗೇ ಅಡಿಕೆ ಸುಗ್ಗಿ, ಎರಡನ್ನೂ ಅದು ಕಂಡಿದೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಇದೇ ಬಗೆಯ ಡಬ್ಬ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಮಾರಾಟಕ್ಕಿದೆ. ಮೇಲಿನ ಹೆಸರಿಗಿಂತ ಒಳಗೆ ಏನೇನಿದೆ ಅಂತ ತಿಳಿದುಕೊಂಡರೆ ಕೊಳ್ಳುವವರಿಗೆ ಉಪಯೋಗ.

ಮೊದಲು ಸುಮಾರು ಎಲ್ಲ ಕಡೆ ಇರುವ ಹಾಗೆ ನಮ್ಮಲ್ಲೂ ಕುಕ್ಕರೇ ಇತ್ತು. ದೊಡ್ಡ ಕುಕ್ಕರಿನ ವೇಯ್ಟ್ ತೆಗೆದು, ಆ ನಳಿಕೆಗೆ ಪೈಪ್ ಸಿಕ್ಕಿಸಿ, ಗ್ಯಾಸ್ ಒಲೆ ಮೇಲಿಟ್ಟರೆ ಮುಗಿಯಿತು. ಖರ್ಚಿಲ್ಲ, ಸುಲಭ. ಆದರೆ ನಳಿಕೆಯ ತೂತು ಸಣ್ಣದು. ನೀರಿಗೆ ಲಕ್ಕಿ ಸೊಪ್ಪು ಹಾಕಿದಾಗ ಒಂದು ಎಲೆಚೂರು ಹೋಗಿ ಅಲ್ಲಿ ಕೂತರೆ ಹಬೆಗೆ ಬೇರೆ ದಾರಿಯೇ ಇಲ್ಲ, ಮುಚ್ಚಳದ ಸೇಫ್ಟಿ ವಾಲ್ವ್ ಹಾರುವವರೆಗೂ ಒಳಗೆ ಒತ್ತಡ ಏರುತ್ತಲೇ ಇರುತ್ತದೆ. ಮೈಮೇಲೆ ಬಟ್ಟೆಯಿಲ್ಲದೆ, ಕುತ್ತಿಗೆಯವರೆಗೆ ಪೆಟ್ಟಿಗೆಯೊಳಗೆ ಕೂತ ಒಬ್ಬ ಮನುಷ್ಯನ ಪಕ್ಕದಲ್ಲಿ ಇದು ನಡೆಯುತ್ತಿರುತ್ತದೆ. ನನಗೆ ಇದನ್ನು ನೆನೆಸಿಕೊಂಡರೇ ಸಂಕಟವಾಗುತ್ತಿತ್ತು. ಮುಚ್ಚಿದ ಕೊಠಡಿಯಲ್ಲಿ ಗ್ಯಾಸಿನ ಉರಿ ಬೇರೆ. ಮನೆಬಳಕೆಯ 14.2 ಕೆಜಿ ಸಿಲಿಂಡರನ್ನು ಇಂಥ ಕೆಲಸಕ್ಕೆ ಬಳಸುವ ಹಾಗಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರೇ ಬೇಕು. ಒಟ್ಟಾರೆ ಕರೆಂಟಿನದ್ದೇ ತರಿಸೋಣ ಅಂತ ತೀರ್ಮಾನವಾಯಿತು.

ವಿಚಾರಿಸಲು ಹೋದಲ್ಲೆಲ್ಲ ಮಾರುವವರು ಹೇಳುವುದು ಎರಡೇ ಸಂಗತಿ, ಎಷ್ಟು ಕಿಲೋವ್ಯಾಟ್, ಎಷ್ಟು ನಿಮಿಷದಲ್ಲಿ ಹಬೆ. ಒಂದು ಅಂಗಡಿಯವರು ಸ್ನಾನದ ಕೋಣೆಗೆ ಹಾಕುವ 6 ಕಿಲೋವ್ಯಾಟಿನದ್ದನ್ನೇ ತಗೊಳ್ಳಿ ಅಂತ ಪಟ್ಟು ಹಿಡಿದರು. ಅದು 230 ವೋಲ್ಟಿನಲ್ಲಿ 26 ಆಂಪಿಯರ್ ಎಳೆಯುತ್ತದೆ, ಬೇರೆ ಲೈನೇ ಬೇಕು. ನಾಲ್ಕೈದು ಜನ ಕೂರುವ ಕೋಣೆಗೆ ಮಾಡಿದ್ದನ್ನು ಒಬ್ಬರು ಕೂರುವ ಪೆಟ್ಟಿಗೆಗೆ ಬಿಟ್ಟರೆ ಕೂತವರ ಗತಿ ಏನು? ಹಬೆ ರೋಗಿಯ ಕಾಲ ಬಳಿ ಹೇಗೆ ಬಂದು ಬೀಳುತ್ತದೆ ಅಂತ ಯಾರೂ ಹೇಳಲಿಲ್ಲ. ನಾವು ದುಡ್ಡು ಕೊಡುವುದು ಅದಕ್ಕೇ ತಾನೆ?

ಚರಕ ಸಂಹಿತೆಯ ಸೂತ್ರಸ್ಥಾನ 14ನೇ ಅಧ್ಯಾಯದಲ್ಲಿ ಬೆಂಕಿಯ ಶಾಖದಿಂದ ಮಾಡುವ 13 ಬಗೆಯ ಸ್ವೇದ ಹೇಳಿದ್ದಾರೆ. ಅದರಲ್ಲಿ ನಾಡೀಸ್ವೇದ ಅಂದರೆ ನಳಿಕೆಯಿಂದ ಹಬೆ ಕೊಡುವುದು. ಆ ನಳಿಕೆ ಎರಡು ಮೂರು ಕಡೆ ಬಾಗಿರಬೇಕು ಅಂತ ಅಲ್ಲಿದೆ. ಕಾರಣವನ್ನೂ ಕೊಟ್ಟಿದ್ದಾರೆ: ನೇರವಾಗಿ ಬರದ ಹಬೆಯ ವೇಗ ಮುರಿಯುತ್ತದೆ, ಚರ್ಮ ಸುಡದೆ ಹಿತವಾಗಿ ಬೆವರಿಸುತ್ತದೆ. ನಮ್ಮ ಡಾಕ್ಟರ್ ಇದನ್ನು ತೋರಿಸಿ ಹೇಳಿದ ಮೇಲೆ ನಾನು ಬಾಯ್ಲರ್ ನೋಡುವ ರೀತಿಯೇ ಬದಲಾಯಿತು. ವೇಗ ಎಲ್ಲಿ ಮುರಿಯುತ್ತದೆ ಅನ್ನುವುದು ಮೊದಲ ಪ್ರಶ್ನೆ, ಕಿಲೋವ್ಯಾಟು ಆಮೇಲೆ.

ಈ ಬಾಯ್ಲರಿನ ಜೊತೆ ಒಂದು ಅಡ್ಡ ಪೈಪ್ ಕೊಟ್ಟಿದ್ದಾರೆ. ಮೈತುಂಬ ಸಣ್ಣ ತೂತು, ಎರಡೂ ತುದಿ ಬಂದ್. ಸ್ಟೂಲಿನ ಅಡಿಗೆ, ತೂತುಗಳು ಹಿಂದಿನ ಗೋಡೆಯ ಕಡೆ ತಿರುಗಿರುವ ಹಾಗೆ ಇಡಬೇಕು. ಹಬೆ ಗೋಡೆಗೆ ಬಡಿದು, ಹರಡಿ, ಮೇಲೇಳುತ್ತದೆ. ಕಾಲಿಗೆ ನೇರ ತಾಗುವುದಿಲ್ಲ. ಇಡೀ ಸಾಮಾನಿನಲ್ಲಿ ನನಗೆ ತುಂಬ ಮೆಚ್ಚಿಗೆಯಾದದ್ದು ಇದೇ, ಬೆಲೆಯಲ್ಲಿ ಮಾತ್ರ ಎಲ್ಲಕ್ಕಿಂತ ಅಗ್ಗದ ಭಾಗ.

ಆದರೆ ಜೊತೆಗೆ ಬರುವ ಸಿಲಿಕೋನ್ ಪೈಪ್ ಬೇಕಾದ್ದಕ್ಕಿಂತ ಉದ್ದ. ಬಾಯ್ಲರಿನಿಂದ ಪೆಟ್ಟಿಗೆಗೆ ಹೋಗುವಾಗ ನಡುವೆ ಜೋತು ಬೀಳುತ್ತದೆ. ಜೋತು ಬಿದ್ದ ಜಾಗದಲ್ಲಿ ಏನಾಗುತ್ತದೆ ಅಂತ ಒಮ್ಮೆ ಕೂತು ನೋಡಿ. ಪೈಪಿನ ಒಳಮೈಯಲ್ಲಿ ಮೊದಲು ಮಂಜು ಕಟ್ಟುತ್ತದೆ, ಹನಿಯಾಗುತ್ತದೆ, ಹನಿಗಳೆಲ್ಲ ಇಳಿದು ತಗ್ಗಿನಲ್ಲಿ ನಿಲ್ಲುತ್ತವೆ. ನೀರು ಪೈಪನ್ನು ತುಂಬುವಷ್ಟಾದಾಗ ಹಬೆಗೆ ದಾರಿ ಕಟ್ಟಿ ಗೊಳಗೊಳ ಸದ್ದು ಶುರುವಾಗುತ್ತದೆ. ಅರೆಗಳಿಗೆ ಪೆಟ್ಟಿಗೆಗೆ ಹಬೆಯೇ ಇಲ್ಲ. ಹಿಂದೆ ಒತ್ತಡ ಸೇರಿ, ಆ ಕುದಿನೀರನ್ನೆಲ್ಲ ಒಂದೇ ಸಲ ಮುಂದಕ್ಕೆ ಉಗುಳುತ್ತದೆ. ಕಾಲ ಬಳಿ ಬೀಳುವುದು ಆಗ ಹಬೆಯಲ್ಲ, ಕುದಿಯುವ ನೀರು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟಿದ್ದು ತಿಳಿಯುವುದೇ ಇಲ್ಲ, ಬೊಬ್ಬೆ ಬಂದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಪೈಪನ್ನು ಸಾಧ್ಯವಾದಷ್ಟು ಗಿಡ್ಡ ಮಾಡಿ, ಬಾಯ್ಲರಿನ ಕಡೆಗೇ ಇಳಿಜಾರು ಇರುವ ಹಾಗೆ ಕೂರಿಸಿ. ಹನಿ ವಾಪಸ್ ಟ್ಯಾಂಕಿಗೇ ಹೋಗುತ್ತದೆ. ನಾವು ಪೆಟ್ಟಿಗೆಯನ್ನು ನಾಲ್ಕು ಇಟ್ಟಿಗೆ ಮೇಲೆ ಎತ್ತರಿಸಿ ಬಾಯ್ಲರನ್ನು ನೆಲದ ಮೇಲಿಟ್ಟೆವು, ಅವತ್ತೇ ಗೊಳಗೊಳ ನಿಂತಿತು. ಇದನ್ನು ತಯಾರಕರ ಕೈಪಿಡಿಯಲ್ಲಿ ಒಂದು ಸಾಲು ಬರೆಯಬಹುದಿತ್ತು. ಬರೆದಿಲ್ಲ.

ಇನ್ನು ನಮ್ಮ ಕರೆಂಟಿನ ಕತೆ. 3 ಕಿಲೋವ್ಯಾಟ್ ಅಂದರೆ 230 ವೋಲ್ಟಿಗೆ 13 ಆಂಪಿಯರ್, 16 ಆಂಪಿಯರಿನ ಪ್ಲಗ್ ಸಾಕು. ವೋಲ್ಟೇಜ್ ಸರಿಯಿದ್ದ ದಿನ 5 ಲೀಟರ್ ತಣ್ಣೀರು ಹತ್ತು ನಿಮಿಷದ ಆಚೀಚೆ ಕುದಿಯುತ್ತದೆ. ನಮ್ಮ ಎತ್ತರಕ್ಕೆ ನೀರು 98 ಡಿಗ್ರಿಗೇ ಕುದಿಯುವುದರಿಂದ ಅಷ್ಟರ ಮಟ್ಟಿಗೆ ಲಾಭ. ಆದರೆ ಮಲೆನಾಡಿನ ಲೈನಿನಲ್ಲಿ, ಅದರಲ್ಲೂ ಬೇಸಿಗೆಯ ಸಂಜೆ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ, 180 ವೋಲ್ಟ್ ಬಂದರೆ ಪುಣ್ಯ. ವೋಲ್ಟೇಜ್ ಕಾಲು ಭಾಗ ಇಳಿದರೆ ಶಾಖ ಕಾಲು ಭಾಗವಷ್ಟೇ ಇಳಿಯುತ್ತದೆ ಅಂದುಕೊಳ್ಳಬೇಡಿ. ಅದು ವೋಲ್ಟೇಜಿನ ವರ್ಗದ (ಸ್ಕ್ವೇರಿನ) ಲೆಕ್ಕದಲ್ಲಿ ಇಳಿಯುತ್ತದೆ. 180 ವೋಲ್ಟಿನಲ್ಲಿ 3 ಕಿಲೋವ್ಯಾಟಿನ ಕಾಯಿಲ್ ಕೊಡುವುದು 1.8 ಕಿಲೋವ್ಯಾಟ್ ಮಾತ್ರ. ಗಂಟೆಗೆ 4.8 ಲೀಟರ್ ನೀರು ಆವಿಯಾಗುವ ಜಾಗದಲ್ಲಿ 3 ಲೀಟರೂ ಆಗುವುದಿಲ್ಲ. ಈ ಊರುಗಳಲ್ಲಿ 2 ಕಿಲೋವ್ಯಾಟಿನದ್ದು ತಗೊಂಡವರು ಸಂಜೆ ಹೊತ್ತು ಪೆಟ್ಟಿಗೆ ಬಿಸಿಯೇ ಆಗುವುದಿಲ್ಲ ಅಂತ ಗೋಳಾಡುವುದು ಇದಕ್ಕೇ. 3 ತಗೊಳ್ಳಿ, ಆದರೆ ಶಾಖ ತಗ್ಗಿಸುವ ರೆಗ್ಯುಲೇಟರ್ ಇರುವುದನ್ನೇ ತಗೊಳ್ಳಿ. ನಮ್ಮದರಲ್ಲಿ ಇದೆ. ಬೆಳಿಗ್ಗೆ ಪೂರ್ಣ ವೋಲ್ಟೇಜ್ ಇರುವಾಗ ನಡುವಿನವರೆಗೆ ತಿರುಗಿಸಿದರೆ ಧಾರಾಳ ಹಬೆ. ಕರೆಂಟಿನ ಖರ್ಚು ಹೆಚ್ಚೇನಿಲ್ಲ, ಒಬ್ಬರಿಗೆ ಹದಿನೈದು ನಿಮಿಷಕ್ಕೆ ಮುಕ್ಕಾಲು ಯೂನಿಟ್ಟು.

ನೀರಿನ ವಿಷಯ ಇದಕ್ಕಿಂತ ದೊಡ್ಡದು, ಇಲ್ಲಿಯವರಿಗೆ ಗೊತ್ತಿರಲೇಬೇಕಾದ್ದು. ಟ್ಯಾಂಕಿನಲ್ಲಿ ನೀರು ಮುಗಿದರೆ ತಾನೇ ಆಫ್ ಆಗುವ ವ್ಯವಸ್ಥೆ ಎರಡು ಬಗೆಯಲ್ಲಿರುತ್ತದೆ. ಒಂದು, ತೇಲುವ ಬಾಲು. ಇನ್ನೊಂದು, ನೀರಿನೊಳಗೆ ಇಳಿಬಿಟ್ಟ ಎರಡು ಸ್ಟೀಲ್ ಕಡ್ಡಿ. ನೀರಿನ ಮೂಲಕ ಕಡ್ಡಿಯಿಂದ ಕಡ್ಡಿಗೆ ಒಂಚೂರು ಕರೆಂಟ್ ಹರಿದರೆ ನೀರಿದೆ ಅಂತ ಅರ್ಥ. ನಮ್ಮದು ಕಡ್ಡಿಯದ್ದು. ಬೇಸಿಗೆಯಲ್ಲಿ ಬೋರಿನ ನೀರು ಹಾಕುತ್ತಿದ್ದಾಗ ಎಲ್ಲ ಸರಿ ಇತ್ತು. ಮಳೆ ಹಿಡಿದು ಗುಡ್ಡದ ಅಬ್ಬಿ ನೀರು ಬರತೊಡಗಿದ ಮೇಲೆ, ಟ್ಯಾಂಕ್ ತುಂಬಿದ್ದರೂ ಕೆಂಪು ದೀಪ! ಹೊಸ ಮಳೆಯ ಆ ನೀರಿನಲ್ಲಿ ಲವಣವೇ ಇಲ್ಲ, ಕರೆಂಟ್ ಹರಿಯುವಷ್ಟೂ ಇಲ್ಲ. ಫೋನ್ ಮಾಡಿದರೆ ಸರ್ವಿಸಿನವರು ಒಂದು ಚಿಟಿಕೆ ಉಪ್ಪು ಹಾಕಿ ಅಂದರು. ಉಪ್ಪು ಖಂಡಿತ ಹಾಕಬೇಡಿ. ಅದರ ಕ್ಲೋರೈಡ್ ಸ್ಟೀಲನ್ನು ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ, 304 ಸ್ಟೀಲ್ ಆದರೂ ಅಷ್ಟೇ, ಬಿಸಿಯಲ್ಲಂತೂ ಇನ್ನೂ ಬೇಗ. ಒಂದು ಚೊಂಬು ಬೋರಿನ ನೀರು ಬೆರೆಸಿದರೆ ಸಾಕು, ದೀಪ ಹಸಿರಾಗುತ್ತದೆ. ಹಾಗಂತ ಪೂರ್ತಿ ಬೋರಿನ ನೀರೇ ಸುರಿದರೆ ಕಾಯಿಲ್ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ, ಶಾಖ ನೀರಿಗೆ ಇಳಿಯದೆ ಕಾಯಿಲ್ ಸುಟ್ಟೇ ಹೋಗುತ್ತದೆ. ಆಗಾಗ ನಿಂಬೆಹುಳಿ ಪುಡಿ ಕರಗಿಸಿ ಬಿಸಿ ಮಾಡಿ ತೊಳೆಯಬೇಕು. ಶಿಕಾರಿಪುರ, ಭದ್ರಾವತಿ ಕಡೆ ಗಡಸು ಬೋರಿನ ನೀರನ್ನೇ ನೆಚ್ಚಿಕೊಂಡವರಿಗೆ ಈ ತೊಳೆಯುವ ಕೆಲಸ ಜಾಸ್ತಿ. ನನ್ನನ್ನು ಕೇಳಿದರೆ ತೇಲುವ ಬಾಲಿನದ್ದೇ ನಮ್ಮ ಸೀಮೆಗೆ ಒಳ್ಳೆಯದು.

ಆಷಾಢದಲ್ಲಿ ಮತ್ತೊಂದು ತಂಟೆ. ನಾಲ್ಕು ದಿನ ಬಿಡುವು ಕೊಟ್ಟು ಸ್ವಿಚ್ ಹಾಕಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟಪ್ ಅಂತ ಬೀಳುತ್ತದೆ. ಕಾಯಿಲಿನ ಒಳಗೆ ತುಂಬಿರುವ ಬಿಳಿ ಪುಡಿ ಗಾಳಿಯ ತೇವ ಹೀರಿಕೊಳ್ಳುತ್ತದೆ, ಅದರಿಂದ ಕರೆಂಟ್ ಸೋರುತ್ತದೆ. ನೋಡಲು ಬಂದ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿ ತಪ್ಪಿಸಿ ನೇರ ಕೊಟ್ಟುಬಿಡುತ್ತೇನೆ ಅಂದ. ಒದ್ದೆ ನೆಲ, ಒದ್ದೆ ಮೈ, ಎಣ್ಣೆ ಕೈ ಇರುವ ಕೊಠಡಿಯಲ್ಲಿ ಜೀವ ಉಳಿಸುವುದು ಅದೊಂದೇ, 30 ಮಿಲಿಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಅದನ್ನು ತೆಗೆಯಲು ನಾನು ಬಿಡಲಿಲ್ಲ. ಕಾಯಿಲನ್ನು ಬಿಚ್ಚಿ, ಅಡಿಕೆ ಒಣಗಿಸುವ ಡ್ರೈಯರಿನಲ್ಲಿ ಒಂದು ರಾತ್ರಿ ಇಟ್ಟು ತಂದು ಹಾಕಿದ ಮೇಲೆ ಸರಿಹೋಯಿತು. ಈಗ ರೋಗಿಗಳಿಲ್ಲದಿದ್ದರೂ ಮಳೆಗಾಲದಲ್ಲಿ ದಿನ ಬಿಟ್ಟು ದಿನ ಸ್ವಲ್ಪ ಹೊತ್ತು ಓಡಿಸುತ್ತೇವೆ.

ಸೊಪ್ಪಿಗೆ ಬೇರೆಯದೇ ಬಟ್ಟಲು ಕೊಟ್ಟಿದ್ದಾರೆ, ಹಬೆ ಹೊರಡುವ ದಾರಿಯಲ್ಲಿ, ತೂತಿನ ತಳದ್ದು. ಲಕ್ಕಿ, ನೀಲಗಿರಿ, ತುಳಸಿ, ಮಜ್ಜಿಗೆ ಹುಲ್ಲು ಯಾವುದನ್ನಾದರೂ ಅದರಲ್ಲಿ ಸಡಿಲವಾಗಿ ತುಂಬಬೇಕು. ಟ್ಯಾಂಕಿನಲ್ಲಿ ಯಾವಾಗಲೂ ಬರೀ ನೀರು. ದಶಮೂಲದ ಕಷಾಯವನ್ನೇ ಟ್ಯಾಂಕಿಗೆ ಸುರಿಯುವವರಿದ್ದಾರೆ. ಅದು ಕಾಯಿಲಿಗೆ ಅಂಟಿ ಕರಕಲಾಗುತ್ತದೆ, ನೊರೆ ಉಕ್ಕಿ ಪೈಪಿಗೆ ಬರುತ್ತದೆ, ಕೊಠಡಿಯೆಲ್ಲ ಸೀದ ವಾಸನೆ. ಬೇರು ತೊಗಟೆಗಳ ಸಾರದಲ್ಲಿ ಹಬೆಯ ಜೊತೆ ಏಳದೆ ತಳದಲ್ಲೇ ಉಳಿಯುವುದೇ ಹೆಚ್ಚು. ಹಬೆಯಲ್ಲಿ ಬರುವುದು ಎಲೆಯ ತೈಲದ ಅಂಶ.

ಪೆಟ್ಟಿಗೆ ಹಳೆಯದೇ, ಫೈಬರಿನದ್ದು. ಮರದ್ದು ಚೆಂದ, ಆದರೆ ನಮ್ಮ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ. ಒಳಗಿನ ಶಾಖ 45 ಡಿಗ್ರಿ ದಾಟಲು ನಾನು ಬಿಡುವುದಿಲ್ಲ. ತಲೆಗೆ ಒದ್ದೆ ಬಟ್ಟೆ, ಎದೆಯ ಮೇಲೆ ಇನ್ನೊಂದು. ಗರ್ಭಿಣಿಯರು, ಹೃದಯದ ತೊಂದರೆಯವರು, ಜ್ವರ ಇರುವವರು ಕೂರುವ ಹಾಗಿಲ್ಲ, ಬಿ.ಪಿ. ನೋಡದೆ ಯಾರನ್ನೂ ಕೂರಿಸುವುದಿಲ್ಲ. ನಿಮಿಷಕ್ಕಿಂತ ಮುಖ ನೋಡಬೇಕು. ಹಣೆಯಲ್ಲಿ ಬೆವರು ಸಾಲಿಟ್ಟಿತು, ಹೆಗಲು ಸಡಿಲವಾಯಿತು, ಮೈ ಹಗುರ ಅನ್ನಿಸಿತು ಅಂದರೆ ಸಾಕು. ಸುಗ್ಗಿಯಲ್ಲಿ ಅಡಿಕೆಯ ಕೊನೆ (ಗೊನೆ) ತೆಗೆಯುವವರು ಹೆಗಲು ಹಿಡಿದುಕೊಂಡು ಬರುತ್ತಾರೆ, ಅಡಿಕೆ ಸುಲಿದು ಸುಲಿದು ಸೊಂಟ ಕಟ್ಟಿಕೊಂಡ ಹೆಂಗಸರು ಸಂಜೆ ಬರುತ್ತಾರೆ. ಒಂದು ಸಲ ತುಂಬಿಸಿದ ನೀರಿನಲ್ಲಿ ಮೂರು ಜನಕ್ಕೆ ಸಲೀಸಾಗಿ ಹಬೆ ಸಿಗುತ್ತದೆ, ನಡುವೆ ಮುಚ್ಚಳ ತೆಗೆಯಬೇಕಿಲ್ಲ. ಕುಕ್ಕರಿನ ಕಾಲದಲ್ಲಿ ಅವರನ್ನು ಕಾಯಿಸುತ್ತಿದ್ದೆವು, ಅಷ್ಟು ದಣಿದು ಬಂದವರನ್ನು ಕಾಯಿಸುವುದು ನನಗೆ ಸಹಿಸಲಾಗುತ್ತಿರಲಿಲ್ಲ.

20,000 ರೂಪಾಯಿಯ ಒಳಗೆ ಬಂತು, ಆ ದುಡ್ಡಿಗೆ ಮೋಸವಿಲ್ಲ. ದಿನಕ್ಕೆ ನಾಲ್ಕೈದು ಜನಕ್ಕೆ ಸ್ವೇದನ ಇರುವ ಚಿಕಿತ್ಸಾಲಯಕ್ಕೆ ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ಮನೆಯಲ್ಲಿ ವಾರಕ್ಕೊಮ್ಮೆ ಬಳಸುವವರಿಗೆ ಇದು ಬೇಡ. ಕೊಳ್ಳುವಾಗಲೇ ಒಂದು ಕಾಯಿಲ್, ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಕೇಳಿ ತಗೊಳ್ಳಿ, ಕೊರಿಯರ್ ನಮ್ಮೂರು ತಲುಪುವಷ್ಟರಲ್ಲಿ ರೋಗಿಯ ಏಳು ದಿನದ ಚಿಕಿತ್ಸೆಯೇ ಮುಗಿದಿರುತ್ತದೆ. ಸೇಫ್ಟಿ ವಾಲ್ವಿನ ಕಿವಿಯನ್ನು ವಾರಕ್ಕೊಮ್ಮೆ ಎತ್ತಿ ಬಿಡಿ, ಅಂಟಿಕೊಂಡು ಕೂರಬಾರದು. ದೊಡ್ಡ ಕೊರತೆ ಅಂದರೆ ತಳದಲ್ಲಿ ನೀರು ಬಿಡುವ ನಲ್ಲಿಯೇ ಇಲ್ಲ, ಟ್ಯಾಂಕನ್ನು ಬಗ್ಗಿಸಿಯೇ ಸುರಿಯಬೇಕು. ಅರ್ಧ ಇಂಚಿನ ನಲ್ಲಿ ಹಾಕಿ ಕೊಡಿ ಅಂತ ತಯಾರಕರಿಗೆ ಬರೆದಿದ್ದೇನೆ, ಮುಂದಿನ ಮಾಡೆಲ್ಲಿನಲ್ಲಿ ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ನಾವು ಸಂಜೆ ನೀರು ಚೆಲ್ಲುವುದಿಲ್ಲ, ಪ್ಲಗ್ ಕಿತ್ತಿಟ್ಟು ಹೋಗುತ್ತೇವೆ, ಬೆಳಿಗ್ಗೆ ತಣ್ಣಗಾದ ಮೇಲೆ ಇಬ್ಬರು ಹಿಡಿದು ಅಂಗಳಕ್ಕೆ ಸುರಿಯುತ್ತೇವೆ.