ಸಮುದ್ರ ಅಳೆಯಲು ಯಾವುದು: ಲಂಗರಿನ ತೇಲುಬುರುಡೆಯೋ, ಆರ್ಗೊ ಫ್ಲೋಟೋ?

ಕೆಆರ್‌ಎಸ್ 124.80 ಅಡಿ ಮುಟ್ಟಿದರೆ ಮಂಡ್ಯಕ್ಕೆ ನೆಮ್ಮದಿ. ಅದನ್ನು ತುಂಬಿಸುವ ಮುಂಗಾರು ಬರುವುದು ಅರಬ್ಬಿ ಸಮುದ್ರ ದಾಟಿಕೊಂಡು. ಆ ಸಮುದ್ರವನ್ನು ಅಳೆಯಲು ಈ ಎರಡು ಸಾಧನಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?

ಚಂಡಮಾರುತ, ಅಲೆಯ ಎಚ್ಚರಿಕೆ ಮುಖ್ಯವಾದರೆ ಲಂಗರು ಹಾಕಿದ ತೇಲುಬುರುಡೆಯೇ ಸರಿ. ಒಂದೇ ಜಾಗದಲ್ಲಿದ್ದು ಗಾಳಿ, ಒತ್ತಡ, ಅಲೆಯ ಎತ್ತರವನ್ನು ಉಪಗ್ರಹದ ಮೂಲಕ ಕಳಿಸುತ್ತಿರುತ್ತದೆ. ಕಾಟವೂ ಇದರದ್ದೇ ಹೆಚ್ಚು. ಬುರುಡೆಯ ನೆರಳಿಗೆ ಮೀನು ಸೇರುತ್ತವೆ, ಮೀನಿನ ಹಿಂದೆ ದೋಣಿಗಳು. ದೋಣಿಯವರು ಬುರುಡೆಗೆ ಹಗ್ಗ ಬಿಗಿದು ಎಳೆದರೆ ಸೆನ್ಸರ್ ಮುರಿಯುತ್ತದೆ. ಪಾಚಿ, ಚಿಪ್ಪುಜೀವಿ ಹತ್ತಿಕೊಂಡರೆ ಲವಣಾಂಶದ ಅಂಕಿಯೇ ಕೆಡುತ್ತದೆ. ರಿಪೇರಿಗೆ ಹಡಗು ಬೇಕು, ಆ ಖರ್ಚು ಮೊದಲೇ ಬಜೆಟ್‌ನಲ್ಲಿರಲಿ.

ಸಮುದ್ರದ ಒಳಗಿನ ಅಳತೆ ಮುಖ್ಯವಾದರೆ ಆರ್ಗೊ ಫ್ಲೋಟ್, ಅಂದರೆ ಲಂಗರಿಲ್ಲದೆ ತಾನೇ ಮುಳುಗಿ ಏಳುವ ಯಂತ್ರ. ಅದು 1000 ಮೀಟರ್ ಆಳದಲ್ಲಿ ತೇಲಿ, 2000ಕ್ಕೆ ಇಳಿದು, ಸುಮಾರು 10 ದಿನಕ್ಕೊಮ್ಮೆ ಉಷ್ಣತೆ, ಲವಣಾಂಶ ಅಳೆಯುತ್ತ ಮೇಲೇರುತ್ತದೆ. ಅಲೆಯ ಎತ್ತರ ಕೇಳಬೇಡಿ, ಅದಕ್ಕೆ ಗೊತ್ತಿಲ್ಲ. ಬ್ಯಾಟರಿ ಮುಗಿದರೆ ಸಾಮಾನ್ಯವಾಗಿ ಸಮುದ್ರದ ಪಾಲು.