ಮೀಟರ್ ನಂಬಿ ಪಂಪ್ ಬದಲಾಯಿಸೋ ಮೊದ್ಲು ಈ ಟೆಸ್ಟ್ ಲ್ಯಾಂಪ್ ಹಾಕಿ ನೋಡಿ

ಸ್ಕ್ರೂಡ್ರೈವರ್ ಥರ ಹಿಡಿ, ತುದಿಗೆ ಸೂಜಿ, ಹಿಂದುಗಡೆ ವೈರು, ವೈರಿಗೊಂದು ಕ್ರೊಕೊಡೈಲ್ ಕ್ಲಿಪ್ಪು, ಒಳಗೆ 12 ವೋಲ್ಟ್ 21 ವ್ಯಾಟ್ ಬಲ್ಬು. ಇಷ್ಟೇ ಐಟಂ, ಬ್ರ್ಯಾಂಡ್ ಹೆಸ್ರೂ ಇಲ್ಲ. ಆದ್ರೆ ಫ್ಯುಯಲ್ ಪಂಪ್ ಲೈನ್ ಚೆಕ್ ಮಾಡೋವಾಗ ಡಿಜಿಟಲ್ ಮೀಟರ್‌ಗಿಂತ ಮೊದ್ಲು ನಾನು ಕೈಗೆತ್ಕೊಳ್ಳೋದು ಇದನ್ನೇ.

ಯಾಕಂದ್ರೆ ನಮ್ಮ ಕಾರು ಸ್ಟಾರ್ಟ್ ಆಗ್ತಿರ್ಲಿಲ್ಲ, ಸೆಲ್ಫ್ ಚೆನ್ನಾಗೇ ಹೊಡೀತಿತ್ತು, ಕೀ ಆನ್ ಮಾಡಿದ ತಕ್ಷಣ ಟ್ಯಾಂಕ್ ಕಡೆಯಿಂದ ಎರಡ್ಮೂರು ಸೆಕೆಂಡ್ ಗುಂಯ್ ಅಂತ ಬರ್ಬೇಕಲ್ಲ, ಆ ಸದ್ದು ಮಾತ್ರ ಇಲ್ಲ. ಫ್ಯೂಸ್ ಸರಿಯಿದೆ, ರಿಲೇ (ಪಂಪಿಗೆ ಕರೆಂಟ್ ಬಿಡೋ ಸ್ವಿಚ್ಚು) ಟಕ್ ಅಂತಿದೆ. ಪಂಪ್ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದ್ರೆ 12.3 ವೋಲ್ಟ್! ಇಲ್ಲಿಗೇ ಎಷ್ಟೋ ಜನ ಪಂಪ್ ಹೋಗಿದೆ ಅಂತ ಷರಾ ಬರೆದ್ಬಿಡ್ತಾರೆ. ಅದೇ ಎರಡು ಪಿನ್ನಿಗೆ ಲ್ಯಾಂಪ್ ಕೊಟ್ರೆ ಬಲ್ಬಿನ ಫಿಲಮೆಂಟ್ ಬರೀ ಕೆಂಪಗಾಯ್ತು ಅಷ್ಟೇ. ಕ್ಲಿಪ್ಪನ್ನ ನೆಗೆಟಿವ್ ಪಿನ್ನಿಂದ ತೆಗ್ದು ಬಾಡಿಗೆ ಹಾಕ್ದೆ, ಫುಲ್ ಬೆಳಕು. ಅಂದ್ರೆ ಪಾಸಿಟಿವ್ ಲೈನ್ ಪಕ್ಕಾ, ಅರ್ಥಿಂಗ್ ಹಾಳು. ಹಿಂದಿನ ಸೀಟ್ ಕೆಳಗೆ ಕಾರ್ಪೆಟ್ ಎತ್ತಿದ್ರೆ ಅರ್ಥ್ ಬೋಲ್ಟು, ಅದರ ರಿಂಗ್ ಟರ್ಮಿನಲ್ ಸುತ್ತ ಹಸಿರು ಕಿಲುಬು ಪುಡಿಪುಡಿಯಾಗಿ ಉದುರ್ತಿತ್ತು.

ಮೀಟರ್ ಸುಳ್ಳು ಹೇಳ್ತು ಅಂತಲ್ಲ. ಅದರ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್, ಕರೆಂಟ್ ಎಳೆಯೋದೇ ಇಲ್ಲ ಅನ್ಬೋದು, ಹಾಗಾಗಿ ವೈರಿನ ಒಂದೇ ಒಂದು ಎಳೆ ಉಳಿದಿದ್ರೂ ಪೂರ್ತಿ ವೋಲ್ಟೇಜ್ ತೋರ್ಸತ್ತೆ. ಈ ಬಲ್ಬು ಸುಮಾರು 1.75 ಆಂಪ್ಸ್ ಎಳೆಯತ್ತೆ, ಲೈನಲ್ಲಿ ದಮ್ಮಿಲ್ಲ ಅಂದ್ರೆ ಅಲ್ಲೇ ಗೊತ್ತಾಗತ್ತೆ. ಅದಕ್ಕೇ ಎಲ್ಇಡಿ ಟೆಸ್ಟರ್ ಈ ಕೆಲ್ಸಕ್ಕೆ ಬೇಡ, ಅದಕ್ಕೆ ಕೆಲವೇ ಮಿಲಿಆಂಪ್ಸ್ ಸಾಕು, ಕೊಳೆತ ವೈರಲ್ಲೂ ಜಗಮಗ ಉರಿಯತ್ತೆ.

ಕೀ ಆನ್ ಮಾಡಿದಾಗಿನ ಆ ಎರಡ್ಮೂರು ಸೆಕೆಂಡ್ (ಪ್ರೈಮ್ ಟೈಮ್) ಮುಗಿದ್ರೆ ಇಸಿಯು, ಅಂದ್ರೆ ಎಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್, ಪಂಪಿನ ಸಪ್ಲೈ ಕಟ್ ಮಾಡತ್ತೆ, ಆದ್ರಿಂದ ಟೆಸ್ಟ್ ಮುಗಿಯೋವರ್ಗೂ ರಿಲೇ ಕಿತ್ತು ಸಾಕೆಟ್ಟಲ್ಲಿ 30 ಮತ್ತೆ 87ನೇ ಪಿನ್ನಿಗೆ ಫ್ಯೂಸ್ ಇರೋ ಜಂಪರ್ ವೈರ್ ಕೊಟ್ಕೊಳ್ಳಿ. ಅದನ್ನ ಕೊಡೋಕ್ ಮುಂಚೆನೇ ಲ್ಯಾಂಪಿನ ಎರಡೂ ಕಡೆ ಕನೆಕ್ಟ್ ಮಾಡಿಟ್ಟಿರಿ, ಟ್ಯಾಂಕ್ ಹತ್ರ ಪೆಟ್ರೋಲ್ ವಾಸ್ನೆ ಇದ್ರೆ ಒಂದು ಕಿಡಿನೂ ಹಾರ್ಬಾರ್ದು, ವಾಸ್ನೆ ಜಾಸ್ತಿ ಇದ್ರೆ ಮುಟ್ಟೋಕೇ ಹೋಗ್ಬೇಡಿ. ಇಸಿಯುಗೆ ಹೋಗೋ ಸಣ್ಣ ಸಿಗ್ನಲ್ ವೈರಿಗಂತೂ ಈ ಲ್ಯಾಂಪ್ ತಾಗಿಸ್ಲೇಬೇಡಿ, ಇಷ್ಟು ಕರೆಂಟಿಗೆ ಅದರ ಒಳಗಿನ ಡ್ರೈವರ್ ಸರ್ಕ್ಯೂಟ್ ಸುಟ್ಟೋಗ್ಬೋದು.

ಬೈಯೋಕೂ ಇದೆ. ಕ್ಲಿಪ್ಪಿನ ಸ್ಪ್ರಿಂಗ್ ಸಡಿಲ, ಸ್ವಲ್ಪ ಅಲ್ಲಾಡಿದ್ರೆ ಜಾರತ್ತೆ. ಬಲ್ಬು ಒಂದು ನಿಮಿಷ ಉರಿದ್ರೆ ಹಿಡಿ ಬಿಸಿ. ವೈರು ತೀರಾ ಗಿಡ್ಡ, ಹಿಂದಿನ ಸೀಟಿಂದ ಬ್ಯಾಟರಿವರ್ಗೂ ಎಟುಕೋದೇ ಇಲ್ಲ, ನಾನು ಬೇರೆ ವೈರ್ ಬೆಸುಗೆ ಹಾಕಿ ಉದ್ದ ಮಾಡ್ಕೊಂಡಿದೀನಿ. 5ಕ್ಕೆ 4 ಸ್ಟಾರ್, ಒಂದು ಸ್ಟಾರ್ ಆ ವೈರಿಗೇ ಕಟ್.