ಯಾಹೂ ಮೆಸೆಂಜರ್: ತೀರಾ ತಡವಾದ ಒಂದು ರಿವ್ಯೂ

ಮುಚ್ಚಿ ವರ್ಷಗಳಾದ ಚಾಟ್ ಸಾಫ್ಟ್‌ವೇರ್‌ಗೆ ಈಗ್ಯಾಕೆ ರಿವ್ಯೂ ಅಂತ ಕೇಳಬೇಡಿ. ಬಳಸುತ್ತಿದ್ದಾಗ ಬರೆಯಲು ಪುರುಸೊತ್ತೇ ಇರಲಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಕೂತವನಿಗೆ ಎಲ್ಲಿಂದ ಬರಬೇಕು!

2006ರಲ್ಲಿ ನಾವು ಹಾಸನದಲ್ಲಿ, ಅಣ್ಣ ನ್ಯೂಜೆರ್ಸಿಯಲ್ಲಿ. ಅವನ ಜೊತೆಯವರದ್ದೆಲ್ಲ ಮೈಕ್ರೋಸಾಫ್ಟ್‌ನ ಎಂಎಸ್‌ಎನ್, ಹಾಗಾಗಿ ಅವನದ್ದೂ ಅದೇ. ನನ್ನದು ಯಾಹೂ. ಇದರಿಂದ ಅದಕ್ಕೆ ಮೆಸೇಜ್ ಹೋಗುತ್ತಿರಲಿಲ್ಲ. ಅಣ್ಣನ ಜೊತೆ ಎರಡು ಮಾತಾಡಲು ಇನ್ನೊಂದು ಅಕೌಂಟು, ಇನ್ನೊಂದು ಪಾಸ್‌ವರ್ಡು.

ಈ ಬೇಲಿ ಹಳೆಯದು. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಮೆಸೆಂಜರ್‌ನಿಂದಲೇ ಎಒಎಲ್ ಅನ್ನುವ ಇನ್ನೊಂದು ಅಮೆರಿಕನ್ ಕಂಪನಿಯ ಮೆಸೆಂಜರ್ ಬಳಸುವವರ ಜೊತೆ ಮಾತಾಡುವ ದಾರಿ ಮಾಡಿತ್ತು. ಎಒಎಲ್ ಅದನ್ನು ಮುಚ್ಚಿತು. ಇವರು ಬೀಗ ಹಾಕುವುದು, ಅವರು ಬೇರೆ ಕೀಲಿ ಮಾಡಿಸಿಕೊಂಡು ಬರುವುದು, ಕೊನೆಗೆ ಮೈಕ್ರೋಸಾಫ್ಟೇ ಸಾಕಾಗಿ ಕೈಬಿಟ್ಟಿತು. ಆಮೇಲೆ ಗೂಗಲ್ ಬೆಳೆಯಿತು ನೋಡಿ, ಎಲ್ಲರಿಗೂ ನೆಂಟಸ್ತಿಕೆ ನೆನಪಾಯಿತು. 2005ರ ಅಕ್ಟೋಬರ್‌ನಲ್ಲಿ ಯಾಹೂ, ಮೈಕ್ರೋಸಾಫ್ಟ್ ತಮ್ಮ ಮೆಸೆಂಜರ್ ಕೂಡಿಸಲು ಕೈ ಜೋಡಿಸಿದವು. ಡಿಸೆಂಬರ್‌ನಲ್ಲಿ ಗೂಗಲ್ 100 ಕೋಟಿ ಡಾಲರ್ ಕೊಟ್ಟು ಎಒಎಲ್‌ನ 5% ಪಾಲು ಹಿಡಿಯಿತು.

2006ರ ಜುಲೈನಲ್ಲಿ ಯಾಹೂ, ಮೈಕ್ರೋಸಾಫ್ಟ್ ಎರಡರ ಮೆಸೆಂಜರ್ ಕೂಡಿಕೊಂಡವು. ಒಟ್ಟು ಸುಮಾರು 35 ಕೋಟಿ ಅಕೌಂಟು. ಆದರೆ ಹೊಸ ವರ್ಶನ್ ಬೇಕು. ಕೆಫೆಯವರು "ವೈರಸ್ ಬಂದ್ರೆ ನೀನ್ ಕಟ್ತೀಯೇನಪ್ಪಾ?" ಅಂದರು. ಕಾಡಿ ಬೇಡಿ ಒಪ್ಪಿಸಿದೆ. ಇನ್‌ಸ್ಟಾಲ್ ಆಗಲು ಅರ್ಧ ಗಂಟೆ, ಅದನ್ನೂ ಬಿಲ್ಲಿಗೆ ಸೇರಿಸಿದರು.

ಭಾನುವಾರ ಬೆಳಿಗ್ಗೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾಗಿನ್ ಆದೆ. ನನ್ನ ಯಾಹೂ ಲಿಸ್ಟಿನಲ್ಲೇ ಅಣ್ಣನ ಹೆಸರು! ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದು, ಅವನು ಬರೆದದ್ದನ್ನು ಅಮ್ಮನಿಗೆ ಓದಿ ಹೇಳುವುದು. "ತೆಳ್ಳಗಾಗಿದಾನಾ ಕೇಳು" ಅಂದಳು. ಅವನು ನೆಲದ ಮೇಲೆ ಉರುಳಾಡಿ ನಗುವ ಹಳದಿ ಮುಖ ಕಳಿಸಿದ. "ಇದ್ಯಾಕೋ ಹಿಂಗೆ ಹೊರಳಾಡ್ತಿದೆ, ಹೊಟ್ಟೆ ನೋವಂತಾ?"

ಆ ಕಂಪನಿಗಳ ನಡುವೆ ನನಗೆ ನೇರವಾಗಿ ದಕ್ಕಿದ ಒಪ್ಪಂದ ಇದೊಂದೇ. ಮಿಕ್ಕದ್ದೆಲ್ಲ ಪೇಪರಿನಲ್ಲಿ ಓದಿದ ಸಂತೆ. 2008ರ ಫೆಬ್ರವರಿ 1ರಂದು ಮೈಕ್ರೋಸಾಫ್ಟ್ ಯಾಹೂವನ್ನೇ ಕೊಳ್ಳಲು 4,460 ಕೋಟಿ ಡಾಲರ್ ಮುಂದಿಟ್ಟಿತು. ಷೇರಿಗೆ 31 ಡಾಲರ್, ಆಮೇಲೆ 33. ಸಾಲದು ಅಂತ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್ ಕೂತರು. ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎದ್ದು ಹೋಯಿತು. ಜೂನ್‌ನಲ್ಲಿ ಯಾಹೂ ಹೋಗಿ ಗೂಗಲ್ ಜೊತೆಗೇ ಜಾಹೀರಾತಿನ ಒಪ್ಪಂದ ಮಾಡಿಕೊಂಡಿತು, ಅಮೆರಿಕ ಸರ್ಕಾರ ಕೋರ್ಟಿಗೆ ಹೋಗುತ್ತೇನೆ ಅಂದದ್ದಕ್ಕೆ ನವೆಂಬರ್‌ನಲ್ಲಿ ಗೂಗಲ್ ಜಾರಿಕೊಂಡಿತು, ಮರುವರ್ಷ ನೋಡಿದರೆ ಯಾಹೂ ಮತ್ತೆ ಮೈಕ್ರೋಸಾಫ್ಟ್ ಮನೆ ಬಾಗಿಲಲ್ಲಿ, ಈ ಸಲ ಬರೀ ಸರ್ಚ್‌ಗೆ 10 ವರ್ಷದ ಒಪ್ಪಂದ. ನಮ್ಮ ರೆಸಾರ್ಟ್ ರಾಜಕೀಯವೇ ವಾಸಿ ಅನ್ನಿಸಿತ್ತು.

2012ರ ಡಿಸೆಂಬರ್ 14ಕ್ಕೆ ಮೆಸೆಂಜರ್‌ಗಳ ಸೇತುವೆ ಕಡಿದರು. ಇನ್ನೂ ತಮಾಷೆ ಕೇಳಿ. 2015ರಲ್ಲಿ ಅಮೆರಿಕದ ಫೋನ್ ಕಂಪನಿ ವೆರೈಝನ್ ಎಒಎಲ್‌ ಕೊಂಡಿತು. 2017ರಲ್ಲಿ ಯಾಹೂ ವ್ಯವಹಾರವನ್ನೂ 448 ಕೋಟಿ ಡಾಲರ್‌ಗೆ ಕೊಂಡಿತು. ಹಳೇ ವೈರಿಗಳು ಒಂದೇ ಸೂರಿನಡಿ. ಇನ್ನಾದರೂ ಮಾತಾಡಿಕೊಳ್ಳಬಹುದು ಅಂದರೆ, ಎಒಎಲ್ ಮೆಸೆಂಜರ್ 2017ರ ಡಿಸೆಂಬರ್‌ನಲ್ಲೇ ಮುಚ್ಚಿತು, ಯಾಹೂದು 2018ರ ಜುಲೈ 17ಕ್ಕೆ.

ನನ್ನ ಕಡೆಯಿಂದ 5ಕ್ಕೆ 4 ಸ್ಟಾರ್. ಅರ್ಧ ಆ ಹೊರಳಾಡುವ ಮುಖಕ್ಕೇ. ಈಗ ಅಮ್ಮ ವಾಟ್ಸಾಪ್ ವಿಡಿಯೋದಲ್ಲಿ ಅಣ್ಣನನ್ನು ಕಣ್ಣಾರೆ ನೋಡಿಯೂ "ತೆಳ್ಳಗಾಗಿದೀಯ" ಅಂತಲೇ ಅನ್ನುತ್ತಾಳೆ. ಅವನೀಗ 92 ಕೆಜಿ.